ಬೇಸ್‌ಬಾಲ್ ಸ್ಕೋರ್ ಪುಸ್ತಕ ಕೈಗೆ ಬಂದಾಗ: ಬ್ಯಾಟಿಂಗ್ ಸರಾಸರಿಯ ಲೆಕ್ಕ

ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ನಡೆಯುವುದೇ ಪೋಷಕರ ದುಡಿಮೆಯಿಂದ. ಮಗನನ್ನೋ ಮಗಳನ್ನೋ ಲಿಟಲ್ ಲೀಗ್‌ಗೆ ಸೇರಿಸಿದ ಕನ್ನಡಿಗರಿಗೂ ಇಂದಲ್ಲ ನಾಳೆ ಸ್ಕೋರ್ ಬರೆಯುವ ಸರದಿ ಬರುತ್ತದೆ. ದಯವಿಟ್ಟು ಒಪ್ಪಿಕೊಳ್ಳಿ, ಈ ಆಟವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕ್ರಿಕೆಟ್ ಬಲ್ಲವರು ಎಡವುವುದು ಬ್ಯಾಟಿಂಗ್ ಸರಾಸರಿಯಲ್ಲಿ. ನಮ್ಮ ಲೆಕ್ಕದಲ್ಲಿ ಒಟ್ಟು ರನ್ನುಗಳನ್ನು ಎಷ್ಟು ಸಲ ಔಟಾದರೋ ಅದರಿಂದ ಭಾಗಿಸುತ್ತೇವೆ. ಇಲ್ಲಿ ರನ್ನಿಗೆ ಜಾಗವೇ ಇಲ್ಲ. ಚೆಂಡನ್ನು ಹೊಡೆದು, ಎದುರಾಳಿಯ ತಪ್ಪಿಲ್ಲದೆ ಬೇಸ್ (ಓಡಿ ಮುಟ್ಟಬೇಕಾದ ಮೂಲೆ) ಸೇರಿದರೆ ಅದು ‘ಹಿಟ್’. ಹಿಟ್‌ಗಳನ್ನು ‘ಅಟ್ ಬ್ಯಾಟ್’ಗಳಿಂದ, ಅಂದರೆ ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿಗಳಿಂದ, ಭಾಗಿಸಿ ಮೂರು ದಶಮಾಂಶದವರೆಗೆ ಬರೆಯುತ್ತಾರೆ. ಹತ್ತಕ್ಕೆ ಮೂರು ಹಿಟ್ ಬಂದರೆ .300, ಬಾಯಿಮಾತಿನಲ್ಲಿ ‘ತ್ರೀ ಹಂಡ್ರೆಡ್’. ವೃತ್ತಿಪರ ಆಟದಲ್ಲಿ ಅದು ಬಹಳ ಒಳ್ಳೆಯ ಸಾಧನೆ. 1941ರಲ್ಲಿ ಬೋಸ್ಟನ್‌ನ ಟೆಡ್ ವಿಲಿಯಮ್ಸ್ 456 ಅಟ್ ಬ್ಯಾಟ್‌ಗಳಲ್ಲಿ 185 ಹಿಟ್ ಹೊಡೆದು .406 ಮುಟ್ಟಿದರು. ಕೊನೆಯ ದಿನ ಬೆಳಿಗ್ಗೆ ಅವರ ಸರಾಸರಿ .39955 ಇತ್ತು, ಆಡದೆ ಕುಳಿತಿದ್ದರೂ ಅದನ್ನು .400 ಎಂದೇ ಬರೆಯುತ್ತಿದ್ದರು. ಅವರು ಆ ದಿನದ ಎರಡೂ ಪಂದ್ಯಗಳಲ್ಲಿ ಆಡಿ, ಎಂಟಕ್ಕೆ ಆರು ಹಿಟ್ ಹೊಡೆದರು.

ಎಚ್ಚರ ಬೇಕಾದದ್ದು ಭಾಜಕದ ವಿಷಯದಲ್ಲಿ. ಬ್ಯಾಟರ್ ಪ್ಲೇಟಿನ (ಬ್ಯಾಟ್ ಮಾಡುವ ಜಾಗದ ಗುರುತು) ಬಳಿಗೆ ಬಂದು ಮುಗಿಸಿದ ಪ್ರತಿ ಸರದಿಯೂ ‘ಪ್ಲೇಟ್ ಅಪಿಯರೆನ್ಸ್’. ಆದರೆ ಪ್ರತಿಯೊಂದೂ ಅಟ್ ಬ್ಯಾಟ್ ಅಲ್ಲ. ವಾಕ್ (ನಾಲ್ಕು ಕೆಟ್ಟ ಎಸೆತಗಳಿಗೆ ಸಿಗುವ ಉಚಿತ ಫಸ್ಟ್ ಬೇಸ್) ಸಿಕ್ಕರೆ, ಪಿಚರ್ ಎಸೆದ ಚೆಂಡು ಮೈಗೆ ತಗುಲಿ ಫಸ್ಟ್ ಬೇಸ್ ಸಿಕ್ಕರೆ, ಸ್ಯಾಕ್ರಿಫೈಸ್ ಬಂಟ್ (ಚೆಂಡನ್ನು ಮೆಲ್ಲನೆ ತಟ್ಟಿ, ತಾನು ಔಟಾಗಿ ಜೊತೆಗಾರನನ್ನು ಮುಂದಿನ ಬೇಸಿಗೆ ಕಳುಹಿಸುವುದು) ಅಥವಾ ಸ್ಯಾಕ್ರಿಫೈಸ್ ಫ್ಲೈ (ಎತ್ತರಕ್ಕೆ ಹೊಡೆದು ಕ್ಯಾಚಾದರೂ ಜೊತೆಗಾರನಿಗೆ ರನ್ ತಂದುಕೊಡುವುದು) ಆದರೆ ಅವನ್ನು ಬಿಟ್ಟು ಲೆಕ್ಕ ಹಾಕಬೇಕು. ಫೀಲ್ಡರ್‌ನ ತಪ್ಪಿನಿಂದ ಬೇಸ್ ಸೇರಿದರೆ ಮಾತ್ರ ಕಥೆ ಬೇರೆ: ಹಿಟ್ ಇಲ್ಲ, ಅಟ್ ಬ್ಯಾಟ್ ಉಂಟು. ಹುಡುಗ ಬೇಸ್ ಮೇಲೆ ನಿಂತು ನಗುತ್ತಿರುತ್ತಾನೆ, ಪುಸ್ತಕದಲ್ಲಿ ಅವನ ಸರಾಸರಿ ಇಳಿದಿರುತ್ತದೆ. ಪೋಷಕರ ಬೇಸರವೆಲ್ಲ ಇಲ್ಲೇ ಹುಟ್ಟುವುದು. ಅದು ಹಿಟ್ಟೋ ಫೀಲ್ಡರ್‌ನ ತಪ್ಪೋ ಎಂದು ನಿರ್ಧರಿಸಲು, ಸಾಧಾರಣ ಪ್ರಯತ್ನದಲ್ಲಿ ಆ ಚೆಂಡನ್ನು ಹಿಡಿದು ಔಟ್ ಮಾಡಬಹುದಿತ್ತೇ ಎಂಬುದೊಂದೇ ಪ್ರಶ್ನೆ. ಅಮೆರಿಕದ ಅತ್ಯುನ್ನತ ವೃತ್ತಿಪರ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಇದನ್ನು ತೀರ್ಮಾನಿಸುವುದು ಅಂಪೈರ್ ಅಲ್ಲ, ಅಧಿಕೃತ ಸ್ಕೋರರ್. ನಿಮ್ಮ ಮೈದಾನದಲ್ಲಿ ಅದು ನೀವೇ ಆಗಿರುವುದರಿಂದ ಸ್ವಂತ ಮಗುವಿಗೂ ಒಂದೇ ಅಳತೆ ಇರಲಿ.

ಫೀಲ್ಡರ್‌ಗಳಿಗೆ ಒಂದರಿಂದ ಒಂಬತ್ತರವರೆಗೆ ಅಂಕೆಗಳಿವೆ. ಪಿಚರ್ 1, ಫಸ್ಟ್ ಬೇಸ್‌ಮನ್ 3, ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಫೀಲ್ಡರ್) 6. ಶಾರ್ಟ್‌ಸ್ಟಾಪ್ ಹಿಡಿದು ಫಸ್ಟ್ ಬೇಸಿಗೆ ಎಸೆದು ಔಟ್ ಮಾಡಿದರೆ 6-3. ಚೆಂಡು ಅವನ ಕಾಲುಗಳ ನಡುವೆ ನುಸುಳಿ ಹೋದರೆ ಇ-6, ‘ಇ’ ಎಂದರೆ ಎರರ್, ತಪ್ಪು. ಸ್ಟ್ರೈಕ್‌ಔಟ್‌ಗೆ (ಮೂರು ಸ್ಟ್ರೈಕ್ ಆಗಿ ಔಟಾಗುವುದಕ್ಕೆ) ಇಂಗ್ಲಿಷಿನ ಕೆ (K) ಅಕ್ಷರ. ಬ್ಯಾಟ್ ಬೀಸದೆ ಮೂರನೆಯ ಸ್ಟ್ರೈಕ್ ಬಿಟ್ಟುಕೊಟ್ಟಿದ್ದರೆ ಅದನ್ನೇ ತಿರುಗಿಸಿ ಬರೆಯುತ್ತಾರೆ. ಪೆನ್ಸಿಲ್‌ನಲ್ಲೇ ಬರೆಯಿರಿ.

ಒಬ್ಬಳ ನಾಲ್ಕು ಸರದಿಗಳು ಹೀಗಿವೆ ಎನ್ನೋಣ: ವಾಕ್, ಇ-6, ಸಿಂಗಲ್ (ಫಸ್ಟ್ ಬೇಸ್‌ವರೆಗಿನ ಹಿಟ್), ಸ್ಟ್ರೈಕ್‌ಔಟ್. ಅಟ್ ಬ್ಯಾಟ್ ಮೂರು, ಹಿಟ್ ಒಂದು, ಸರಾಸರಿ .333. ವಾಕ್‌ನಲ್ಲಿ ಅವಳು ತೋರಿದ ತಾಳ್ಮೆ ಈ ಸಂಖ್ಯೆಯಲ್ಲಿ ಕಾಣುವುದೇ ಇಲ್ಲ. 1887ರಲ್ಲಿ ವಾಕ್‌ಗಳನ್ನೂ ಹಿಟ್ ಎಂದೇ ಎಣಿಸಿ, ಒಂದೇ ವರ್ಷಕ್ಕೆ ಆ ಪದ್ಧತಿಯನ್ನು ಕೈಬಿಟ್ಟರು. ಆ ಕೊರತೆ ತುಂಬುವ, ವಾಕ್‌ಗಳನ್ನೂ ಸೇರಿಸಿ ಎಷ್ಟು ಸಲ ಬೇಸ್ ಸೇರಿದರೆಂದು ಅಳೆಯುವ ‘ಆನ್ ಬೇಸ್ ಪರ್ಸೆಂಟೇಜ್’ ಮೇಜರ್ ಲೀಗ್‌ನಲ್ಲಿ ಅಧಿಕೃತವಾದದ್ದು 1984ರಲ್ಲಿ. ಫೀಲ್ಡರ್‌ನ ತಪ್ಪಿನಿಂದ ಬೇಸ್ ಸೇರಿದ್ದು ಅಲ್ಲೂ ಲೆಕ್ಕಕ್ಕಿಲ್ಲ, ಹಾಗಾಗಿ ಅದರ ಪ್ರಕಾರ ಇವಳದು ನಾಲ್ಕಕ್ಕೆ ಎರಡು, .500. ಮಕ್ಕಳ ಆಟ ಅಳೆಯಲು ನಾನು ನೆಚ್ಚುವುದು ಇದನ್ನೇ.

ಪ್ರತಿ ಇನಿಂಗ್ ಮುಗಿದಾಗ ಎದುರು ತಂಡದ ಸ್ಕೋರರ್ ಬಳಿ ಹೋಗಿ ರನ್ ಮತ್ತು ಔಟ್‌ಗಳನ್ನು ತಾಳೆ ನೋಡಿಕೊಳ್ಳಿ. ಪಂದ್ಯ ಮುಗಿದ ಮೇಲೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ.