ಲವಂಗ, ಬೆಂಕಿಕಡ್ಡಿ, ಹಳೆ ಇಳಕಲ್ ಸೀರೆ: ದಡಾರದ ವೈರಸ್ ಮಾದರಿ ಮಾಡೋದು ಹೇಗೆ

ಗುಳೇದಗುಡ್ಡದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ವರ್ಷ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, “ಅಕ್ಕೋರ, ದಡಾರದ ವೈರಸ್ ಹೆಂಗ ಇರ್ತೈತ್ರಿ?” ಅಂತ ಕೇಳಿದಳು. ಬೋರ್ಡಿನ ಮೇಲೆ ದುಂಡಗೆ ಚಿತ್ರ ಬರೆದೆ. ಅವಳಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಹಾಗಾಗಿ ಎಲ್ಲರೂ ಸೇರಿ ಇದನ್ನು ಮಾಡಿದೆವು.

ಮೊದಲು ಅಳತೆ. ಒಂದು ನ್ಯಾನೋಮೀಟರಿಗೆ ಒಂದು ಮಿಲಿಮೀಟರ್ ಹಿಡಿಯಿರಿ. ಅಂದ್ರೆ ಹತ್ತು ಲಕ್ಷ ಪಟ್ಟು ದೊಡ್ಡದು. ಪುಗ್ಗವನ್ನು 15 ಸೆಂಟಿಮೀಟರ್ ಆಗುವಷ್ಟು ಊದಿ. ಮೈದಾ ಅಂಟು ಹಚ್ಚಿದ ಪೇಪರ್ ಮೂರು ಪದರ ಮೆತ್ತಿ, ಎರಡು ದಿನ ಬಿಸಿಲಿಗಿಡಿ. ಉಬ್ಬು ತಗ್ಗು ಬಂದರೆ ಹಾಗೇ ಬಿಡಿ. ನಿಜವಾದ ವೈರಸ್ಸಿಗೂ ಒಂದೇ ಆಕಾರ ಇಲ್ಲ, 100ರಿಂದ 300 ನ್ಯಾನೋಮೀಟರ್ ತನಕ ಇರುತ್ತದೆ. ಈ ಪೇಪರ್ ಅದರ ಕೊಬ್ಬಿನ ಹೊದಿಕೆ, ನಮ್ಮ ಜೀವಕೋಶದಿಂದಲೇ ಹೊದ್ದು ಬಂದದ್ದು. ಚೆಂಡನ್ನು ಅರ್ಧಕ್ಕೆ ಕತ್ತರಿಸಿ ಒಳಗೆ ತೆಳ್ಳಗೆ ಕಣಕ ಹಚ್ಚಿ. ಅದು ಎಂ ಪ್ರೋಟೀನಿನ ಪದರ.

ಈಗ ಹಗ್ಗ. ಹಳೆ ಇಳಕಲ್ ಸೀರೆಯ ಪಟ್ಟಿಯನ್ನು ಹೆಬ್ಬೆರಳಿನಷ್ಟು ದಪ್ಪ, ಒಂದು ಮೀಟರ್ ಉದ್ದ ಹೊಸೆಯಿರಿ. ಜೊತೆಗೊಂದು ಕೆಂಪು ದಾರ ಸುತ್ತುತ್ತಾ ಹೋಗಲಿ. ದಾರ ಅಂದರೆ ಆರ್‌ಎನ್‌ಎ, ಅಂದ್ರೆ ವೈರಸ್ಸಿನ ವಂಶವಾಹಿ ಬರಹ, 15,894 ಅಕ್ಷರ. ಬಟ್ಟೆ ಅದನ್ನು ಕಾಯುವ ಎನ್ ಪ್ರೋಟೀನು. ಒಂದೊಂದು ಎನ್ ಆರಾರು ಅಕ್ಷರ ಹಿಡಿಯುತ್ತದೆ. 15,894ನ್ನು ಆರರಿಂದ ಮಕ್ಕಳೇ ಭಾಗಿಸಲಿ. ಏನೂ ಉಳಿಯುವುದಿಲ್ಲ! ಈ ಲೆಕ್ಕ ನನಗೆ ಬಹಳ ಇಷ್ಟ. ಹಗ್ಗಕ್ಕೆ ಒಂದೆರಡು ಹುಣಸೆಬೀಜ ಅಂಟಿಸಿ. ಇವು ನಕಲು ಮಾಡುವ ಯಂತ್ರ. ಈ ಆರ್‌ಎನ್‌ಎಯನ್ನು ನಮ್ಮ ಕೋಶ ನೇರವಾಗಿ ಓದಲಾರದು, ಅದಕ್ಕೇ ವೈರಸ್ ಯಂತ್ರವನ್ನೂ ಹೊತ್ತು ತರುತ್ತದೆ. ಹಗ್ಗ ಸುರುಳಿ ಮಾಡಿ ಒಳಗಿಡಿ.

ಹೊರಗಡೆ ಸೂಜಿಯಿಂದ ಚುಚ್ಚಿ ಲವಂಗ, ಬೆಂಕಿಕಡ್ಡಿ ಚೂರು ಸಿಗಿಸಿ. ಒಂದು ಸೆಂಟಿಮೀಟರ್ ಹೊರಗೆ ಕಾಣಲಿ. ಲವಂಗವನ್ನು ಹತ್ತಿರ ಹಿಡಿದು ನೋಡಿ: ಕೆಳಗೆ ದಂಟು, ಮೇಲೆ ತಲೆ. ಎಚ್ ಪ್ರೋಟೀನೂ ಹಾಗೇ ಅಲ್ವಾ! ಎಚ್ ನಮ್ಮ ಕೋಶವನ್ನು ಹಿಡಿಯುತ್ತದೆ, ಕಡ್ಡಿ ಅಂದರೆ ಎಫ್ ಪ್ರೋಟೀನು ವೈರಸ್ಸಿನ ಹೊದಿಕೆಯನ್ನು ಕೋಶದ ಹೊದಿಕೆಗೆ ಬೆಸೆಯುತ್ತದೆ. ಮೊದಲು ಹಿಡಿಯುವುದು ರೋಗದ ಜೊತೆ ಹೋರಾಡುವ ಕೋಶಗಳನ್ನೇ. ಇದನ್ನು ಹೇಳುವಾಗ ಪ್ರತಿ ಸಲ ಸಂಕಟ ಆಗುತ್ತದೆ. ಆಮೇಲೆ ಶ್ವಾಸನಾಳದ ಕೋಶ ಹಿಡಿದು ಕೆಮ್ಮಿನಲ್ಲಿ ಹೊರಗೆ ಬರುತ್ತದೆ.

ಕೊನೆಗೆ, ಲವಂಗದ ತಲೆ ಸರಿಯಾಗಿ ಕೂರುವ ಒಂದು ಮಣಿ ಹುಡುಕಿ. ಅದು ನಮ್ಮ ಕೋಶದ ಬಾಗಿಲು. ಮಣಿ ತೊಡಿಸಿ ತೋರಿಸಿ, ತೆಗೆಯಿರಿ. ಈಗ ತಲೆಗೆ ಕಣಕ ಮೆತ್ತಿ. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಎಂ.ಆರ್. (ದಡಾರ-ರುಬೆಲ್ಲಾ) ಲಸಿಕೆ ಹಾಕಿಸಿದ ಮಗುವಿನ ಮೈಯಲ್ಲಿ ರೋಗ ತಡೆಯುವ ಪ್ರೋಟೀನುಗಳಾದ ಪ್ರತಿಕಾಯಗಳು ವೈರಸ್ಸಿಗೆ ಹೀಗೇ ಮೆತ್ತಿಕೊಳ್ಳುತ್ತವೆ. ಮಣಿಯನ್ನು ಮಕ್ಕಳ ಕೈಗೆ ಕೊಟ್ಟು ಮತ್ತೆ ತೊಡಿಸಲು ಹೇಳಿ.