ಹಿತ್ತಿಲ ತುಡುವೆ ಪೆಟ್ಟಿಗೆ: ರಬ್ಬರ್ ಚಿಗುರಿನಿಂದ ಮಳೆಯವರೆಗೆ

ನಮ್ಮ ಸುಳ್ಯ–ಪುತ್ತೂರು ಕಡೆ ರಬ್ಬರ್ ಎಲೆ ಉದುರಿಸಿ ಚಿಗುರುವುದು ಫೆಬ್ರವರಿ–ಮಾರ್ಚ್‌ನಲ್ಲಿ. ಎಳೆ ಚಿಗುರಿನ ತೊಟ್ಟಲ್ಲಿ ಒಸರುವ ಮಕರಂದವೇ ತುಡುವೆಗೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡ ಜೇನಿಗೆ, ದೊಡ್ಡ ಸುಗ್ಗಿ. ಆಗ ಪೆಟ್ಟಿಗೆ ತುಂಬ ಜೇನುನೊಣ ಇರಬೇಕು, ಕುಟುಂಬ ಪಾಲಾಗಿ ಒಂದು ಪಾಲು ಹಳೆ ರಾಣಿಯೊಂದಿಗೆ ಹಾರಿರಬಾರದು. ಜೇನುತುಪ್ಪ ಎಷ್ಟಾಯಿತೆಂದು ಮೇಲಿನ ಜೇನು ಕೋಣೆ ಇಣುಕುವವರೇ ಹೆಚ್ಚು. ನಾನು ನೋಡುವುದು ಕೆಳಗೆ ಮರಿ ಬೆಳೆಯುವ ಸಂಸಾರ ಕೋಣೆಯ ಎರಿಗಳ (ಮೇಣದ ಕಣಗಳ ತಟ್ಟೆಗಳ) ತಳದ ಅಂಚನ್ನು.

ವಾರಕ್ಕೊಮ್ಮೆ, ಬಿಸಿಲು ಏರುವ ಮೊದಲು ತೆರೆಯುತ್ತೇನೆ. ತೆಂಗಿನ ಸಿಪ್ಪೆಯ ಹೊಗೆ ಎರಡು ಸಲ ಸಾಕು. ಹೆಚ್ಚಾದರೆ ತುಡುವೆ ಎರಿ ಬಿಟ್ಟು ಓಡುತ್ತದೆ, ರಾಣಿ ಸಿಗುವುದಿಲ್ಲ. ಎರಿ ಕಟ್ಟಿದ ಬದಿಯ ಚೌಕಟ್ಟನ್ನು ಮೊದಲು ಎತ್ತಿ ಜಾಗ ಮಾಡಿಕೊಂಡು ಉಳಿದವನ್ನು ಒಂದೊಂದಾಗಿ, ಪೆಟ್ಟಿಗೆಯ ಮೇಲೆಯೇ ಹಿಡಿದು ನೋಡಬೇಕು. ರಾಣಿ ಜಾರಿದರೂ ಒಳಗೇ ಬೀಳುತ್ತದೆ. ಹೊಸ ಎರಿಯನ್ನು ಅಡ್ಡ ಮಲಗಿಸಿದರೆ ಸೆಕೆಗೆ ಕಳಚಿಯೇ ಬೀಳುತ್ತದೆ. ರಾಣಿಯನ್ನು ಹುಡುಕುತ್ತಾ ಕೂರುವುದಿಲ್ಲ; ಬೆನ್ನಿಗೆ ಬಿಸಿಲು ಬರುವಂತೆ ನಿಂತಾಗ ಕಣದ ತಳದಲ್ಲಿ ಒಂದೊಂದೇ ಮೊಟ್ಟೆ ಕಂಡರೆ ಮುಚ್ಚಿಬಿಡುತ್ತೇನೆ.

ಪಾಲಾಗುವ ಮೊದಲ ಸೂಚನೆ ಗಂಡು ನೊಣದ ಕಣಗಳು. ಅವುಗಳ ಮುಚ್ಚಳ ಉಬ್ಬಿ, ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಅದು ರೋಗವಲ್ಲ, ತುಡುವೆಯಲ್ಲಿ ಇರುವುದೇ ಹಾಗೆ. ಅದಾದ ಮೇಲೆ ಎರಿಯ ತಳದಲ್ಲಿ ರಾಣಿ ಕಣಗಳು ಕೆಳಮುಖವಾಗಿ ಇಳಿಯುತ್ತವೆ. ಮೊಟ್ಟೆ ಇಟ್ಟ ಸುಮಾರು 8 ದಿನಕ್ಕೆ ಆ ಕಣ ಮುಚ್ಚುತ್ತದೆ, ಹಳೆ ರಾಣಿ ಹೊರಡುವುದೂ ಆಗಲೇ. ವಾರ ತಪ್ಪಿಸಬಾರದು ಎನ್ನುವುದು ಇದಕ್ಕೆ. ಕಣ ಕಿತ್ತು ಹಾಕಿ ಸುಮ್ಮನಾದರೆ ಮತ್ತೆ ಕಟ್ಟುತ್ತವೆ, ಇಕ್ಕಟ್ಟು ಹೋಗಬೇಕು. ಸಂಸಾರ ಕೋಣೆಯ ಎಂಟು ಎರಿಯಲ್ಲಿ ಆರನ್ನು ನೊಣ ಮುಚ್ಚಿದ್ದರೆ ಜೇನು ಕೋಣೆ ಏರಿಸುತ್ತೇನೆ. ಅದರ ಒಂದೆರಡು ಚೌಕಟ್ಟಿಗೆ ಹಳೆ ತುಪ್ಪದ ಎರಿಯ ತುಂಡನ್ನು ಬಾಳೆನಾರಿನಲ್ಲಿ ಕಟ್ಟಿಡುವುದು ಒಳ್ಳೆಯದು. ಖಾಲಿ ಕೋಣೆಗೆ ತುಡುವೆ ಬೇಗ ಹತ್ತುವುದಿಲ್ಲ.

ಆದರೂ ಕಣ ಕಟ್ಟಿದರೆ ನಾನೇ ಪಾಲು ಮಾಡುತ್ತೇನೆ. ಹಳೆ ರಾಣಿ ಸಮೇತ ಮೂರು ಎರಿ ಹೊಸ ಪೆಟ್ಟಿಗೆಗೆ: ಎರಡರಲ್ಲಿ ಕಣ ಮುಚ್ಚಿದ ಮರಿ, ಒಂದರಲ್ಲಿ ತುಪ್ಪ ಮತ್ತು ಪರಾಗ. ಹಳೆ ಪೆಟ್ಟಿಗೆಯಲ್ಲಿ ನೆಟ್ಟಗಿನ, ದಪ್ಪನೆಯ ಒಂದೇ ರಾಣಿ ಕಣ ಉಳಿಯಬೇಕು. ನೊಣಗಳು ಅದರ ತುದಿಯ ಮೇಣ ಕೆರೆದು ಕಂದು ಬಣ್ಣ ಕಾಣುತ್ತಿದ್ದರೆ ರಾಣಿ ಹೊರಬರುವ ದಿನ ಹತ್ತಿರ. ಹಿತ್ತಿಲಲ್ಲಿ ದೂರ ಒಯ್ಯಲು ಜಾಗ ಎಲ್ಲಿ? ಹಳೆ ಪೆಟ್ಟಿಗೆ ಇದ್ದ ಜಾಗ ಖಾಲಿ ಬಿಟ್ಟು, ಅದರ ಎಡಕ್ಕೊಂದು ಬಲಕ್ಕೊಂದು ಎರಡನ್ನೂ ಒತ್ತಾಗಿ ಇಟ್ಟರೆ ಹೊಲದಿಂದ ಬಂದ ನೊಣ ಹಂಚಿಹೋಗುತ್ತವೆ. ಆಮೇಲೆ ದಿನಕ್ಕೆ ಒಂದೆರಡು ಅಡಿಯಂತೆ ಸರಿಸಬಹುದು. ಹೊಸ ರಾಣಿ ಗರ್ಭ ಕಟ್ಟಿ ಬರುವವರೆಗೆ, ಎರಡು ವಾರ, ಹಳೆ ಪೆಟ್ಟಿಗೆ ತೆರೆಯಬೇಡಿ. ಮೂರು ವಾರಕ್ಕೂ ಒಂದು ಕಣದಲ್ಲಿ ಎರಡು ಮೂರು ಮೊಟ್ಟೆ ಚೆಲ್ಲಾಪಿಲ್ಲಿ ಕಂಡರೆ ರಾಣಿ ಇಲ್ಲ, ಕೆಲಸಗಾರ ನೊಣ ಮೊಟ್ಟೆ ಇಡುತ್ತಿದೆ ಎಂದರ್ಥ.

ಒಂದು ಪೆಟ್ಟಿಗೆಯ ಮರಿ ಎರಿಯನ್ನು ಇನ್ನೊಂದಕ್ಕೆ ಕೊಡುವ ಮೊದಲು ಮರಿಗಳನ್ನು ನೋಡಲೇಬೇಕು. ತಲೆಯೆತ್ತಿ ಕಣದಲ್ಲಿ ನೆಟ್ಟಗೆ ಸತ್ತಿರುವ, ಚಿಮುಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುವ ಮರಿ ಇದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಆರಂಭದಲ್ಲಿ ಈ ವೈರಸ್ ನಮ್ಮ ಕಡೆಯ ತುಡುವೆಯನ್ನು ಹೆಚ್ಚುಕಡಿಮೆ ಬರಿದು ಮಾಡಿತ್ತು. ಔಷಧ ಇಲ್ಲ, ಆ ಪೆಟ್ಟಿಗೆ ಬೇರೆಯಿಟ್ಟು, ಕೆಟ್ಟ ಎರಿ ಸುಟ್ಟು, ಕೆಲವು ವಾರ ಮೊಟ್ಟೆ ನಿಲ್ಲುವಂತೆ ರಾಣಿಯನ್ನು ಪಂಜರದಲ್ಲಿಡುತ್ತೇನೆ.

ಅಡಿಹಲಗೆ ಪ್ರತಿ ವಾರ ಕೆರೆದರೆ ಮೇಣದ ಹುಳುವಿನ ಮುಕ್ಕಾಲು ಕಾಟ ಮುಗಿಯಿತು. ನೊಣ ಕೂರದ ಎರಿ ಒಳಗೆ ಬಿಡಬಾರದು.

ಮುಕ್ಕಾಲು ಭಾಗ ಕಣ ಮೇಣದಿಂದ ಮುಚ್ಚಿದ ಎರಿಯನ್ನಷ್ಟೇ ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆಯಬೇಕು, ಇಲ್ಲವಾದರೆ ಹುಳಿಯುತ್ತದೆ. ರಬ್ಬರ್ ತುಪ್ಪ ಬೇಗ ಹರಳುಗಟ್ಟುವುದು ಸಹಜ, ಅದಕ್ಕೆ ಕಲಬೆರಕೆ ಎಂದು ಹೆದರಬೇಡಿ. ಸಂಸಾರ ಕೋಣೆಯ ತುಪ್ಪ ಮುಟ್ಟುವುದಿಲ್ಲ. ಮೇ ಮಧ್ಯದ ನಂತರ ಬಂದದ್ದೆಲ್ಲ ಮಳೆಗಾಲಕ್ಕೆ ನೊಣದ್ದೇ. ಅದೂ ಸಾಲದಿದ್ದರೆ ಸಮಪಾಲು ಸಕ್ಕರೆ–ನೀರಿನ ಪಾಕವನ್ನು ಸಂಜೆ, ಹೊರಗೆ ಒಂದು ಹನಿ ಚೆಲ್ಲದಂತೆ ಒಳಗಿಡಬೇಕು. ಚೆಲ್ಲಿದರೆ ಪಕ್ಕದ ಪೆಟ್ಟಿಗೆಯವು ಕೊಳ್ಳೆಗೆ ಬರುತ್ತವೆ.