ಹಳೆ ಕಾಟನ್ ಸೀರೆ ಪಾತ್ರೆಗೆ ಕೊಡಬೇಡಿ, ಕೌದಿ ಹೊಲಿಯಿರಿ

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಅಂತ ಕೂಗಿಕೊಂಡು ಬರುವವರಿಗೆ ಸೀರೆ ಕೊಡುವ ಮೊದಲು ಸ್ವಲ್ಪ ತಡೆಯಿರಿ. ಸಿಂಥೆಟಿಕ್ ಸೀರೆಗಳನ್ನು ಕೊಡಿ, ತೊಂದರೆ ಇಲ್ಲ. ಆದರೆ ಹತ್ತು ವರ್ಷ ಉಟ್ಟು, ಒಗೆದು ಒಗೆದು ಬೆಣ್ಣೆಯ ಹಾಗೆ ಮೆತ್ತಗಾದ ಕಾಟನ್ ಸೀರೆ ಇರುತ್ತದಲ್ಲ, ಅದನ್ನು ಒಂದು ಡಬ್ಬಿಗೋ ಬೋಗುಣಿಗೋ ಕೊಟ್ಟುಬಿಡಬೇಡಿ. ಅಂಥ ಮೆತ್ತನೆ ಬಟ್ಟೆ ಎಷ್ಟು ದುಡ್ಡು ಕೊಟ್ಟರೂ ಅಂಗಡಿಯಲ್ಲಿ ಸಿಗಲ್ಲ. ಕೌದಿಗೆ ಬೇಕಾಗಿರುವುದೇ ಅದು.

ನಮ್ಮ ಉತ್ತರ ಕರ್ನಾಟಕದವರಿಗೆ ಕೌದಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಹಳೆ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತೇಪೆ ಇಟ್ಟು, ಸಾಲುಸಾಲಾಗಿ ಕೈಯಲ್ಲೇ ಹೊಲಿದ ಹೊದಿಕೆ. ನಮ್ಮ ಮನೆ ದಿವಾನದ ಮೇಲೆ ಈಗ ಇರುವುದು ಅವ್ವನ ಇಳಕಲ್ ಸೀರೆಯ ಕೌದಿ. ಕೆಂಪು ಸೆರಗಿನ ಬಿಳಿ ತೆನೆಗಳು ಸರಿಯಾಗಿ ದಿಂಬಿನ ಹತ್ತಿರ ಬರುವ ಹಾಗೆ ಇಟ್ಟಿದ್ದೇನೆ. ಮನೆಗೆ ಬಂದವರು ಮೊದಲು ಅದನ್ನೇ ಮುಟ್ಟಿ ನೋಡುತ್ತಾರೆ.

ಈಗ ಕೆಲಸಕ್ಕೆ ಬರೋಣ. ಮೊದಲ ಸಲ ದೊಡ್ಡ ಮಂಚದ ಕೌದಿಗೆ ಕೈ ಹಾಕಬೇಡಿ, ದಿವಾನದ ಅಳತೆಯದು ಸಾಕು. ಲೆಕ್ಕ ಸುಲಭ. ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್, ಅಂದರೆ 18 ಅಡಿ. ಮೂರು ಭಾಗ ಮಾಡಿದರೆ 6 ಅಡಿಯ ಮೂರು ತುಂಡು. ಅಗಲ ಸುಮಾರು 45 ಇಂಚು ಇದ್ದೇ ಇರುತ್ತದೆ. ಮೂರನ್ನೂ ಒಂದರ ಮೇಲೊಂದು ಹಾಸಿದರೆ ಒಂದೇ ಸೀರೆಯಲ್ಲಿ ಮೂರು ಪದರ ಸಿಕ್ಕಿತು, ಅಲ್ವಾ? ಮೇಲಿನ ತೇಪೆಗೆ ಮಾತ್ರ ಬೇರೆ ಬಟ್ಟೆ ಬೇಕು.

ಆ ತೇಪೆಗೆ ಹೊಸದಾಗಿ ಏನೂ ಕೊಳ್ಳಬೇಡಿ. ಅರಿಶಿನ ಕುಂಕುಮಕ್ಕೆ ಹೋದಾಗೆಲ್ಲ ಕೊಟ್ಟ ಬ್ಲೌಸ್ ಪೀಸು ಎಲ್ಲರ ಮನೆ ಬೀರುವಿನಲ್ಲೂ ಒಂದು ಗಂಟು ಇರುತ್ತದೆ. ಅದನ್ನು ಬಿಚ್ಚಿ. ಉಡಿ ತುಂಬಿದ ಗುಳೇದಗುಡ್ಡ ಖಣ ಇದ್ದರಂತೂ ಅದನ್ನು ಮಧ್ಯಕ್ಕೆ ಎತ್ತಿಡಿ. ಸಾಲದಿದ್ದರೆ ಪರಿಚಯದ ಟೇಲರ್ ಹತ್ತಿರ ಕೇಳಿ, ಕತ್ತರಿಸಿ ಉಳಿದ ತುಂಡುಗಳನ್ನು ಚೀಲದಲ್ಲಿ ತುಂಬಿ ಕೊಡುತ್ತಾರೆ. ಮಕ್ಕಳ ಹಳೆ ಫ್ರಾಕು, ಲುಂಗಿ, ಕಾಲರ್ ಹರಿದ ಕಾಟನ್ ಶರ್ಟು, ಎಲ್ಲವೂ ನಡೆಯುತ್ತದೆ.

ಯಾವುದು ಕಾಟನ್, ಯಾವುದು ಅಲ್ಲ ಅಂತ ಅನುಮಾನ ಬಂದರೆ ಅಂಚಿನಿಂದ ಒಂದು ಎಳೆ ಎಳೆದು, ಸಿಂಕಿನ ಹತ್ತಿರ ಹಿಡಿದು ಬೆಂಕಿಕಡ್ಡಿಯಿಂದ ಸುಡಿ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಸಿಂಥೆಟಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಆಮೇಲೆ ಬಟ್ಟೆಯನ್ನು ಎರಡು ಹೆಬ್ಬೆರಳಲ್ಲಿ ಹಿಡಿದು ಎಳೆದು ನೋಡಿ. ಪರ್ ಅಂತ ಹರಿದರೆ ಅದು ಮೇಲಕ್ಕೆ ಬೇಡ, ಒಳಪದರಕ್ಕೆ ಇರಲಿ. ತೀರಾ ಜೀರ್ಣವಾಗಿ ಪುಡಿಯಾಗುತ್ತಿದ್ದರೆ ಒರೆಸೋ ಬಟ್ಟೆ ಮಾಡಿಕೊಳ್ಳಿ.

ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ಎಲ್ಲ ಬಟ್ಟೆಯನ್ನೂ, ಅದರಲ್ಲೂ ಹೊಸ ಬ್ಲೌಸ್ ಪೀಸನ್ನು, ಬಿಸಿನೀರಲ್ಲಿ ನೆನೆಸಿ ಒಗೆದೇ ಬಳಸಿ. ನನ್ನ ಮೊದಲ ಕೌದಿಯಲ್ಲಿ ಅವಸರ ಮಾಡಿ ಒಂದು ಕಡು ನೀಲಿ ಪೀಸನ್ನು ಹಾಗೇ ಹೊಲಿದಿದ್ದೆ. ಮೊದಲ ಒಗೆತಕ್ಕೇ ಅದರ ಬಣ್ಣ ಬಿಟ್ಟು, ಪಕ್ಕದಲ್ಲಿದ್ದ ಅಪ್ಪನ ಬಿಳಿ ಧೋತರದ ತೇಪೆಯೆಲ್ಲ ನೀಲಿ ನೀಲಿ ಆಯಿತು, ಸಾಲದ್ದಕ್ಕೆ ಆ ಪೀಸು ಕುಗ್ಗಿ ಸುತ್ತಲಿನ ಬಟ್ಟೆಯನ್ನೂ ಎಳೆದು ನಿಲ್ಲಿಸಿಬಿಟ್ಟಿತು. ಮೂರು ವಾರದ ಕೆಲಸ. ಈಗಲೂ ಆ ಜಾಗ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಒದ್ದೆ ಬಟ್ಟೆಯನ್ನು ಬಿಳಿ ಕರ್ಚೀಫಿನಲ್ಲಿ ಒತ್ತಿ ನೋಡಿ, ಬಣ್ಣ ಅಂಟಿದರೆ ಮತ್ತೆ ಒಗೆಯಿರಿ. ಆಮೇಲೂ ಬಿಡುತ್ತಿದ್ದರೆ ಆ ತುಂಡಿನ ಆಸೆ ಬಿಡಿ.

ಸೀರೆಯನ್ನು ಮೂರು ಭಾಗ ಮಾಡುವಾಗ ಕತ್ತರಿಯಿಂದ ಒಂದಿಂಚು ಕಚ್ಚು ಹಾಕಿ ಕೈಯಲ್ಲೇ ಹರಿಯಿರಿ. ಕಾಟನ್ ನೇಯ್ಗೆಯ ಎಳೆ ಹಿಡಿದು ನೆಟ್ಟಗೆ ಹರಿಯುತ್ತದೆ, ಕತ್ತರಿಯಲ್ಲಿ ಅಷ್ಟು ನೇರ ಬರಲ್ಲ. ಮೂರರಲ್ಲಿ ಗಟ್ಟಿಯಾದ ತುಂಡನ್ನು ಕೆಳಗೆ, ಅದರ ಚೆಂದದ ಮುಖ ನೆಲಕ್ಕೆ ಬರುವ ಹಾಗೆ ಹಾಸಿ. ಉಳಿದ ಎರಡನ್ನು ನಾಲ್ಕೂ ಬದಿ ಒಂದೊಂದು ಇಂಚು ಕಡಿಮೆ ಮಾಡಿ ಅದರ ಮೇಲೆ ಹಾಸಿ, ಕೆಳಗಿನದರ ಅಂಚನ್ನು ಮೇಲಕ್ಕೆ ಮಡಚಿ. ಮೂಲೆಗಳಿಗೆ ಕುಟ್ಟಾಣಿಯೋ ದೋಸೆ ಹಂಚೋ ಭಾರ ಇಡಿ. ಮಧ್ಯದಿಂದ ಹೊರಗೆ ಅಂಗೈಯಲ್ಲಿ ಸವರುತ್ತಾ ಸುಕ್ಕು ತೆಗೆಯಿರಿ. ಆಮೇಲೆ ಯಾವುದಾದರೂ ದಾರದಲ್ಲಿ ಗೇಣಿಗೊಂದರಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಬಿಡಿ. ಇವನ್ನು ಕೊನೆಗೆ ಕಿತ್ತು ತೆಗೆಯುವುದೇ, ಚೆಂದ ಬರಬೇಕಾಗಿಲ್ಲ.

ಹೊಲಿಗೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಮುಖ್ಯ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ನೋಡಿದ್ದೀರಾ? ಅವರು ಒಂದು ಮೂಲೆಯಿಂದ ಹಿಡಿದು, ಅಂಚಿನಗುಂಟ ತೇಪೆ ಇಡುತ್ತಾ ಹೊಲಿಯುತ್ತಾ ಒಂದು ಸುತ್ತು ಬಂದು, ಹಾಗೇ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೊದಲೇ ಡಿಸೈನ್ ಬರೆದುಕೊಳ್ಳುವುದಿಲ್ಲ, ಕೈಗೆ ಬಂದ ತುಂಡು ನೋಡಿ ಮುಂದಿನ ಬಣ್ಣ ಆರಿಸುತ್ತಾರೆ. ನಾನೂ ಹೀಗೇ ಹೊಲಿಯುತ್ತೇನೆ. ಕಲಿಯುವವರಿಗೂ ಇದೇ ಒಳ್ಳೆಯದು, ಯಾಕೆಂದರೆ ಮೊದಲ ಸುತ್ತಿನಲ್ಲೇ ಅಂಚು ಗಟ್ಟಿಯಾಗುತ್ತದೆ.

ತೇಪೆ ಅಂಗೈಯಗಲದಿಂದ ಗೇಣಿನವರೆಗೆ ಇರಲಿ. ಅಂಚಿನ ಕಡೆ ಬರುವ ಬದಿಯನ್ನು ಕಾಲಿಂಚು ಒಳಗೆ ಮಡಚಿ ಇಟ್ಟು ಹೊಲಿಯಿರಿ. ಪಕ್ಕದ ತೇಪೆ ಇಡುವಾಗ ಅದರ ಮಡಚಿದ ಬದಿ ಹಿಂದಿನ ತೇಪೆಯ ಹರಿದ ಬದಿಯನ್ನು ಮುಚ್ಚುವ ಹಾಗೆ ಕೂರಿಸಿ. ಹೀಗೆ ಒಂದು ಇನ್ನೊಂದನ್ನು ಮುಚ್ಚುತ್ತಾ ಹೋಗುತ್ತದೆ, ಎಲ್ಲೂ ಎಳೆ ಹೊರಗೆ ಕಾಣಲ್ಲ.

ದಪ್ಪ ಹತ್ತಿ ದಾರ ತಗೊಳ್ಳಿ, ಡಬಲ್ ಮಾಡಿದಾಗ ಮೊಳದಷ್ಟು ಉದ್ದ ಬಂದರೆ ಸಾಕು. ಜಾಸ್ತಿ ಉದ್ದ ತಗೊಂಡರೆ ಸುಮ್ನೆ ಗಂಟು ಬೀಳುತ್ತದೆ. ಮೇಣದಬತ್ತಿಯ ಮೇಲೆ ಒಂದು ಸಲ ಎಳೆದುಕೊಂಡರೆ ಸರಾಗ ಓಡುತ್ತದೆ. ಸೂಜಿ ಉದ್ದ ಇರಲಿ, ಮೂರು ನಾಲ್ಕು ಹೊಲಿಗೆ ಒಟ್ಟಿಗೆ ಸೂಜಿಗೆ ಏರಿಸಿ ಆಮೇಲೆ ಎಳೆಯಿರಿ. ಒಂದೊಂದು ಹೊಲಿಗೆ ಭತ್ತದ ಕಾಳಿನಷ್ಟು, ಸಾಲಿನಿಂದ ಸಾಲಿಗೆ ಎರಡು ಬೆರಳಿನಷ್ಟು ಅಂತರ. ತೊಡೆ ಮೇಲೆ ಇಟ್ಟು ಹೊಲಿದರೆ ಪದರಗಳು ಸರಿದುಬಿಡುತ್ತವೆ, ನೆಲದ ಮೇಲೆ ಹಾಸಿಕೊಂಡೇ ಕೂರಿ. ದಾರ ಬಿಗಿಯಾಗಿ ಜಗ್ಗಬೇಡಿ. ಒಂದಿಷ್ಟು ಅಲೆಅಲೆಯಾಗಿ ನೆರಿಗೆ ಬರುತ್ತದೆ, ಬರಲಿ, ಕೌದಿಯ ಚೆಂದವೇ ಅದರಲ್ಲಿದೆ.

ಈ ಅಳತೆಯ ಕೌದಿಗೆ ಎಲ್ಲ ಸಾಲು ಸೇರಿ ಸುಮಾರು 220 ಅಡಿ ಹೊಲಿಗೆ ಬೀಳುತ್ತದೆ. ದಾರ ಡಬಲ್ ಆದ್ದರಿಂದ 200 ಮೀಟರ್ ತಂದಿಟ್ಟುಕೊಳ್ಳಿ. ದಿನಾ ಒಂದು ಗಂಟೆ ಕೂತರೆ ಮೂರು ವಾರ ಹಿಡಿಯಬಹುದು, ಹೊಸಬರಿಗೆ ಇನ್ನೂ ಜಾಸ್ತಿ. ಮೊದಲ ನಾಲ್ಕು ದಿನ ಬೆರಳು ನೋಯುತ್ತದೆ. ತುದಿಗೆ ಒಂದು ಸುತ್ತು ಬ್ಯಾಂಡೇಜ್ ಪಟ್ಟಿ ಸುತ್ತಿಕೊಳ್ಳಿ.

ಕೊನೆಗೆ ನಾಲ್ಕು ಮೂಲೆ. ಸಿದ್ದಿ ಹೆಂಗಸರು ಪ್ರತಿ ಮೂಲೆಗೂ ಬಣ್ಣದ ಬಟ್ಟೆಯನ್ನು ಮಡಚಿ ಮಡಚಿ ತ್ರಿಕೋನ ಮಾಡಿ ಹೊಲಿಯುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ, ಅಂದರೆ ಹೂವು. ಅದಿಲ್ಲದೆ ಅವರ ಕೌದಿ ಪೂರ್ತಿ ಆಗುವುದಿಲ್ಲ. ನೀವೂ ಹಾಕಿ, ಆದರೆ ಇದು ಯಾರಿಂದ ಬಂದದ್ದು ಅಂತ ಕೇಳಿದವರಿಗೆ ಹೇಳಿ.

ಗೋಡೆಗೆ ಹಾಕುವುದಾದರೆ ಕೌದಿಗೆ ಮೊಳೆ ಹೊಡೆಯಬೇಡಿ, ಅದರ ಭಾರಕ್ಕೇ ಬಟ್ಟೆ ಹರಿಯುತ್ತದೆ. ಹಿಂಬದಿ ಮೇಲಿನ ಅಂಚಿಗೆ ನಾಲ್ಕಿಂಚಿನ ಬಟ್ಟೆಪಟ್ಟಿ ಕೊಳವೆಯ ಹಾಗೆ ಹೊಲಿದು, ಅದರೊಳಗೆ ಪರದೆಯ ರಾಡ್ ತೂರಿಸಿ. ನೇರ ಬಿಸಿಲು ಬೀಳುವ ಗೋಡೆ ಬೇಡ, ಆರು ತಿಂಗಳಲ್ಲಿ ಬಣ್ಣ ಹೋಗುತ್ತದೆ.

ಒಗೆಯುವಾಗ ಟಬ್ಬಿನಲ್ಲಿ ತಣ್ಣೀರು ತುಂಬಿ, ಕಾಲಲ್ಲಿ ತುಳಿದು, ಹಿಂಡದೆ ಹಾಗೇ ಸೋರಲು ಬಿಡಿ. ನೀರು ಕುಡಿದ ಕೌದಿ ಕಲ್ಲಿನಷ್ಟು ಭಾರ ಆಗುತ್ತದೆ, ಎತ್ತಲು ಇಬ್ಬರು ಬೇಕು. ಒಂದೇ ಹಗ್ಗಕ್ಕೆ ಹಾಕದೆ ಎರಡು ಹಗ್ಗದ ಮೇಲೆ ಹರಡಿ ಒಣಗಿಸಿ. ಎರಡು ಮೂರು ಒಗೆತ ಆದ ಮೇಲೆ ಬಟ್ಟೆ, ದಾರ ಎಲ್ಲ ಒಂದಕ್ಕೊಂದು ಹೊಂದಿಕೊಂಡು ಮೈ ತುಂಬಿಕೊಳ್ಳುತ್ತದೆ. ಆಗ ಹೊದ್ದು ನೋಡಿ.